ಚೌಕಾಸಿ ಅಕ್ಕನ ಹೊಸ್ತಿಲ ಪರೀಕ್ಷೆ

ಹಳೆಸಾಮಾನಿನ ಬೀದಿಯಲ್ಲಿ ಒಂದು ಮಾತಿತ್ತು. ಚೌಕಾಸಿ ಅಕ್ಕನ ಅಂಗಡಿಗೆ ಹೋಗುವವರು ಊಟ ಮುಗಿಸಿಕೊಂಡೇ ಹೋಗಬೇಕು, ಬೆಲೆ ಕುದುರುವಷ್ಟರಲ್ಲಿ ಹೊತ್ತು ಕಂತಿರುತ್ತದೆ. ಅವಳಿಗೆ ಹೆತ್ತವರಿಟ್ಟ ಹೆಸರು ಬೇರೆ ಏನೋ ಇತ್ತಂತೆ. ಹಾಗೆ ಕರೆಯುವವರೆಲ್ಲ ಸತ್ತುಹೋಗಿದ್ದರು. ಬೀದಿಗೆಲ್ಲ ಅವಳು ಚೌಕಾಸಿ ಅಕ್ಕ. ಅವಳಿಗಿಂತ ಹಿರಿಯರಿಗೂ ಅಕ್ಕ.

ಅಂಗಡಿ ರೈಲು ಡಬ್ಬಿಯ ಹಾಗೆ ಉದ್ದಕ್ಕಿತ್ತು. ಮುಂದೆ ಬೀರುಗಳು, ನಡುವೆ ಕಾಲು ಮೇಲೆ ಮಾಡಿ ಒಂದರ ಮೇಲೊಂದು ಪೇರಿಸಿದ ಮೇಜುಗಳು, ಎಲ್ಲಕ್ಕಿಂತ ಹಿಂದೆ ಕಿಟಕಿಯ ಬೆಳಕಿನಲ್ಲಿ ಅವಳ ಗಂಡನ ಜಾಗ. ಅವನು ಬೆತ್ತ ನೇಯುವವನು. ಕೂರುವ ಜಾಗ ಹರಿದು ಹಳ್ಳ ಬಿದ್ದ ಕುರ್ಚಿಗಳನ್ನು ಅಕ್ಕ ಮೂರು ಕಾಸಿಗೆ ತರುವಳು. ಅವನು ಬೆತ್ತ ನೆನೆಸಿ, ಸೀಳಿ, ಚೌಕಟ್ಟಿನ ನಾಲ್ಕು ಪಟ್ಟಿಗಳಿಗೂ ಮೇಲಿಂದ ಕೆಳಗೆ ಸುತ್ತಿ ಸುತ್ತಿ ಎರಡು ಪದರದ ನೇಯ್ಗೆ ಹಾಕುವನು. ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ನಡುವೆ ಒಂದು ಟೊಳ್ಳು ಉಳಿಯುತ್ತದೆ. ಅದಕ್ಕೆ ಕುರ್ಚಿಯ ಹೊಟ್ಟೆ ಎನ್ನುತ್ತಾರೆ. ಹೊಟ್ಟೆ ತುಂಬ ಹಳೆ ಕಾಗದ ಗಿಡಿದು ಬಾಯಿ ಮುಚ್ಚಿಬಿಟ್ಟರೆ ಆಯಿತು, ಆನೆ ಕೂತರೂ ಜಗ್ಗದು. ‘ನಮ್ಮನೇಲಿ ಬಾಯಿ ಇರೋದು ನನಗೆ, ಕೈ ಇರೋದು ಇವರಿಗೆ’ ಎಂದು ಅಕ್ಕ ಗಿರಾಕಿಗಳಿಗೆ ಹೇಳುವಳು. ‘ಹೊಟ್ಟೆ ಇರೋದು ಕುರ್ಚಿಗೆ’ ಎಂದು ಅವನು ಹಿಂದಿನಿಂದ ಸೇರಿಸುವನು. ದಿನಕ್ಕೆ ಅವನು ಆಡುವ ಮಾತು ಹೆಚ್ಚುಕಡಿಮೆ ಅಷ್ಟೇ.

ಅಕ್ಕನ ಕಸುಬಿಗೆ ಒಂದು ಶಾಸ್ತ್ರವಿತ್ತು, ಅವಳೇ ಕಟ್ಟಿಕೊಂಡದ್ದು. ಯಾವ ಮಾಲು ಕೊಳ್ಳಲು ಹೋದರೂ ಮಾರುವವನು ಹೇಳಿದ ಬೆಲೆಗೆ ಅರ್ಧ ಕೇಳುವಳು. ಅವನು ಒಪ್ಪದಿದ್ದರೆ ಸೆರಗು ಕೊಡವಿ ಎದ್ದು, ಹೊಸ್ತಿಲು ದಾಟಿ, ಬೀದಿಯ ಮೂಲೆಯ ತನಕ ಹಿಂತಿರುಗಿ ನೋಡದೆ ನಡೆಯುವಳು. ‘ಅಕ್ಕಾ, ಬಾ ಬಾ, ಕೊನೇ ಮಾತು ಹೇಳು’ ಎಂದು ಹಿಂದಿನಿಂದ ಕೂಗು ಬಂತೋ, ಮಾಲಿನಲ್ಲಿ ಹುಳುಕಿದೆ. ಕೂಗು ಬರಲಿಲ್ಲವೋ, ಮಾಲು ಸಾಚಾ, ಕೇಳಿದಷ್ಟು ಕೊಟ್ಟು ತರಬಹುದು. ಬೆಲೆ ಇಳಿಸುವವನು ಸುಳ್ಳ, ಕೂಗಿ ಕರೆಯುವವನು ಕಳ್ಳ. ಈ ಹೊಸ್ತಿಲ ಪರೀಕ್ಷೆಯಿಂದಲೇ ಅವಳು ಗೆದ್ದಲು ಹಿಡಿದ ಮಂಚ ಯಾವುದು, ಹೊಳಪು ಬಳಿದ ಹಲಗೆ ಯಾವುದು ಎಂದು ಮುಟ್ಟದೆ ಹೇಳುತ್ತಿದ್ದಳು.

ಕೊಳ್ಳುವಾಗ ಹೀಗೆ. ಮಾರುವಾಗ ಬೇರೆ. ಅವಳಿಗೊಬ್ಬ ತಮ್ಮನಿದ್ದ. ಯಾರಾದರೂ ಬೀರುವಿನ ಮುಂದೆ ನಿಂತು ಮೀನಮೇಷ ಎಣಿಸುತ್ತಿದ್ದರೆ ಅವನೂ ಗಿರಾಕಿಯಂತೆ ಪಕ್ಕದಲ್ಲಿ ಬಂದು ನಿಂತು, ಬಾಗಿಲು ಸವರಿ, ನಿಟ್ಟುಸಿರು ಬಿಡುವನು. ‘ಇದನ್ನೇ ತರ್ಬೇಕು ಅಂತ ಮನೆಯವಳು ಮೂರು ದಿನದಿಂದ ಊಟ ಬಿಟ್ಟಿದ್ದಾಳೆ. ಸ್ವಲ್ಪ ಇರಿ ಅಕ್ಕ, ದುಡ್ಡು ತರ್ತೀನಿ’ ಎನ್ನುವನು. ಗಿರಾಕಿ ಅಲ್ಲೇ ಚೀಲ ಬಿಚ್ಚುವನು. ತಮ್ಮನಿಗೆ ಮದುವೆಯೇ ಆಗಿರಲಿಲ್ಲ. ‘ಪಾಪ, ಆ ಹುಡುಗಿ ಇನ್ನೂ ಎಷ್ಟು ವರ್ಷ ಉಪವಾಸ ಇರ್ತಾಳೋ’ ಎಂದು ಅಕ್ಕ ಆಮೇಲೆ ನಗುವಳು.

ಹೀಗೆ ನಡೆಯುತ್ತಿದ್ದ ಮನೆಗೆ ಕಾಯಿಲೆ ಬೆರಳ ತುದಿಯಿಂದ ಬಂತು. ಬೆಳಗ್ಗೆ ಎದ್ದರೆ ಗಂಡನ ಮುಷ್ಟಿ ಬಿಚ್ಚದು. ಬಿಸಿನೀರಿನಲ್ಲಿ ಅದ್ದಿಕೊಂಡು ಕೂತರೆ ಹೊತ್ತೇರಿದ ಮೇಲೆ ಒಂದೊಂದೇ ಬೆರಳು ಮನಸ್ಸು ಮಾಡುವುದು. ಗೆಣ್ಣುಗಳು ಊದಿಕೊಂಡವು, ಮುಟ್ಟಿದರೆ ಬಿಸಿ. ನೇಯ್ಗೆಯ ಬಿಗಿ ತಪ್ಪಿತು. ಅವನು ಯಾರಿಗೂ ಹೇಳದೆ ಅದನ್ನು ಬಿಚ್ಚಿ ಮತ್ತೆ ಹಾಕುತ್ತಿದ್ದ.

ಅವನ ತಂಗಿ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ವಾರ್ಡಿನ ಆಯಾ. ಅವಳೇ ಅತ್ತಿಗೆಯ ಜೊತೆ ಅಣ್ಣನನ್ನು ಕರೆದೊಯ್ದು ಕೀಲುಗಳ ಡಾಕ್ಟರಮ್ಮನಿಗೆ ತೋರಿಸಿದಳು. ಬೆಂಚಿನಿಂದ ಬೆಂಚಿಗೆ ಜರುಗುತ್ತ ಜರುಗುತ್ತ ಮಧ್ಯಾಹ್ನವಾಯಿತು. ಡಾಕ್ಟರಮ್ಮ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿ ಹೇಳಿದರು: ‘ಇದು ವಾಸಿಯಾಗಿ ಹೊರಟುಹೋಗೋ ಕಾಯಿಲೆ ಅಲ್ಲ. ಹತೋಟಿಲಿ ಇಟ್ಕೋಬೇಕು. ಮಾತ್ರೆ ಕೆಲಸ ಮಾಡೋಕೆ ಕೆಲವು ತಿಂಗಳು ಹಿಡಿಯುತ್ತೆ, ಬೇಸರ ಮಾಡ್ಕೊಂಡು ಬಿಡಬೇಡಿ. ಆಗಾಗ ರಕ್ತ ಪರೀಕ್ಷೆ ಮಾಡಿಸ್ತಾ ಇರ್ಬೇಕು.’

ಹೊರಗೆ ಬಂದ ಅಕ್ಕ ಸೆರಗಿನಿಂದ ಗಾಳಿ ಬೀಸಿಕೊಂಡಳು. ‘ಏನಮ್ಮ ಇದು? ಗುಣ ಆಗುತ್ತೆ ಅಂತ ಬಾಯಿಮಾತಿಗಾದ್ರೂ ಹೇಳಬಾರದಾ? ಈಯಮ್ಮ ಅಂಗಡಿ ಇಟ್ಟಿದ್ರೆ ಮೊದಲನೇ ದಿನವೇ ಬಾಗಿಲು ಹಾಕ್ತಿದ್ಲು.’

‘ಇದು ಅಂಗಡಿ ಅಲ್ಲ ಅತ್ತಿಗೆ’ ಎಂದಳು ನಾದಿನಿ.

‘ಅದೇ ಭಯ ನನಗೆ. ಬಿಟ್ಟಿ ಕೊಟ್ಟಿದ್ದರಲ್ಲಿ ಏನಿರುತ್ತೆ?’

ಮಾತ್ರೆಗಳು ತಮ್ಮ ಪಾಡಿಗೆ ನಿಧಾನವಾಗಿ ಕೆಲಸ ಮಾಡುತ್ತಿದ್ದವೋ ಏನೋ. ಆದರೆ ಅಕ್ಕನ ಕಣ್ಣು ಕಿಟಕಿಯ ಕೆಳಗೆ ರಾಶಿ ಬೀಳುತ್ತಿದ್ದ ಹರಿದ ಕುರ್ಚಿಗಳ ಮೇಲಿತ್ತು. ಅದೇ ಹೊತ್ತಿಗೆ ಪತ್ರಿಕೆಯ ನಡುವಿನಿಂದ ಒಂದು ಬಣ್ಣದ ಕಾಗದ ಜಾರಿ ಬಿತ್ತು. ಕೀಲುನೋವು, ಬೇರುಸಹಿತ ಗುಣ, ಗುಣವಾದವರನ್ನೇ ಕೇಳಿ.

ಆ ಚಿಕಿತ್ಸಾಲಯ ಮುಖ್ಯರಸ್ತೆಯ ಮಹಡಿಯ ಮೇಲಿತ್ತು. ಗಾಜಿನ ಬಾಗಿಲು, ಒಳಗೆ ಕಾಲಿಟ್ಟರೆ ತಂಪು, ಗೋಡೆಯ ಪಕ್ಕ ಮೀನಿನ ತೊಟ್ಟಿ. ಅಲ್ಲಿ ಬೆಂಚಿಲ್ಲ, ಮೆತ್ತನೆಯ ಕುರ್ಚಿಗಳು. ಅಕ್ಕ ಅಭ್ಯಾಸದಂತೆ ಒಂದರ ತಳ ತಡವಿ ನೋಡಿದಳು: ಹೊಸವು. ವೈದ್ಯ ಬೆಳ್ಳಗೆ, ಮೆಲುದನಿಯವನು. ಗಂಡನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಕ್ಕಿಮರಿಯ ಹಾಗೆ ಹಿಡಿದುಕೊಂಡ. ‘ಪುಡಿ ಕೊಡ್ತೀನಿ. ಒಂದು ವರ್ಷದ ಕೋರ್ಸು. ಮತ್ತೆ ಈ ಕಡೆ ತಲೆ ಹಾಕೋದು ಬೇಡ, ಹಾಗೆ ಗುಣ ಆಗುತ್ತೆ.’

ಬೆಲೆ ಹೇಳಿದ. ತಿಂಗಳ ಪುಡಿಗೆ ಒಂದು ಒಳ್ಳೆಯ ಬೀರುವಿನ ಬೆಲೆ. ಮೊದಲ ಮೂರು ತಿಂಗಳದ್ದು ಮುಂಗಡ.

ಅಕ್ಕನ ಬಾಯಿ ತಾನೇ ತೆರೆದುಕೊಂಡು ಅರ್ಧ ಕೇಳಿತು.

ವೈದ್ಯನಿಗೆ ಕೋಪವೂ ಬರಲಿಲ್ಲ, ನಗುವೂ ಬರಲಿಲ್ಲ. ‘ಇಲ್ಲಿ ಒಂದೇ ಬೆಲೆ ತಾಯಿ. ಬೇಡ ಅಂದ್ರೆ ಬೇಡ, ಬಲವಂತ ಇಲ್ಲ. ಮುಂದಿನವರನ್ನ ಕಳಿಸಿ.’

ಸರಿ, ಸೆರಗು ಕೊಡವಿದಳು. ಗಂಡನನ್ನು ಮೆಟ್ಟಿಲ ಬುಡದಲ್ಲಿ ಕೂರಿಸಿ, ತಾನು ಬೀದಿಯ ಮೂಲೆಯ ತನಕ ನಡೆದಳು. ಕಿವಿ ಮಾತ್ರ ಬೆನ್ನಿಗಿತ್ತು. ವಾಹನಗಳ ಸದ್ದು ಬಂತು, ಕಾಗೆ ಕೂಗಿತು. ‘ತಾಯಿ, ಬನ್ನಿ’ ಎಂದು ಯಾರೂ ಕರೆಯಲಿಲ್ಲ.

ಮೂಲೆಯ ಟೀ ಅಂಗಡಿಯ ಬೆಂಚಿನ ಮೇಲೆ ಕೋಲು ಹಿಡಿದ ಒಬ್ಬ ಮುದುಕ ಕೂತಿದ್ದ. ಗೌರವಸ್ಥ ಮುಖ. ‘ಮೇಲಿಂದ ಬಂದ್ರಾ ತಾಯಿ?’ ಎಂದ. ಅಕ್ಕ ಹೂಂ ಎಂದಳು. ‘ನಾನು ಚಮಚ ಎತ್ತೋಕೂ ಆಗ್ತಿರಲಿಲ್ಲ’ ಎಂದು ಅವನು ಖಾಲಿ ಬೆರಳುಗಳನ್ನು ಬಾಯಿಯ ಹತ್ತಿರ ತಂದು ನಡುಗಿಸಿ ತೋರಿಸಿದ. ‘ಮೊಮ್ಮಗು ಕೈ ಚಾಚಿದ್ರೆ ಎತ್ಕೊಳ್ಳೋಕೆ ಆಗದೆ ಅತ್ತಿದ್ದೀನಿ.’ ಎರಡೂ ಕೈ ಮುಂದೆ ಚಾಚಿದ, ಎಡಗಣ್ಣು ಒರೆಸಿಕೊಂಡ. ಆಮೇಲೆ ಕೋಲನ್ನು ಗಿರ್ರನೆ ಬೆರಳಲ್ಲಿ ತಿರುಗಿಸಿ ನಕ್ಕ. ‘ಈಗ ನೋಡಿ. ಕೋಲು ಬರೀ ಅಭ್ಯಾಸಕ್ಕೆ. ಆದ್ರೆ ಅವರು ಎಲ್ಲರನ್ನೂ ತಗೊಳ್ಳಲ್ಲ. ಜಾಗ ಇದ್ರೆ ನಿಮ್ಮ ಪುಣ್ಯ.’

ಅಕ್ಕ ಹಿಂದಕ್ಕೆ ಓಡಿದಳೆಂದೇ ಹೇಳಬೇಕು. ಮೆಟ್ಟಿಲ ಬುಡದಲ್ಲಿ ಕೂತಿದ್ದ ಗಂಡ ತಲೆಯೆತ್ತಿ ನೋಡಿದ. ‘ಕರೀದೆ ವಾಪಸ್ ಬಂದಿದ್ದು ಇದೇ ಮೊದಲು ಕಣೇ’ ಎಂದ.

‘ಅದಕ್ಕೇ ರೀ’ ಎಂದಳು ಅಕ್ಕ, ಏದುಸಿರು ಬಿಡುತ್ತ. ‘ಕರೀಲಿಲ್ಲ ಅಂದ್ರೆ ಮಾಲು ಸಾಚಾ.’

ವೈದ್ಯ ಪುಡಿಯ ಪೊಟ್ಟಣಗಳನ್ನು ಎಣಿಸಿಕೊಡುತ್ತ ಒಂದೇ ಷರತ್ತು ಹಾಕಿದ. ಆಸ್ಪತ್ರೆಯ ಮಾತ್ರೆ ಇವತ್ತಿಗೇ ಬಂದ್ ಆಗಬೇಕು, ಎರಡು ದೋಣಿಯ ಮೇಲೆ ಕಾಲಿಡುವ ಹಾಗಿಲ್ಲ. ಪುಡಿಯಲ್ಲಿ ಏನಿದೆ ಎಂದು ಅಕ್ಕ ಕೇಳಿದ್ದಕ್ಕೆ, ‘ಅದು ನಮ್ಮ ಮನೆತನದ ಗುಟ್ಟು ತಾಯಿ’ ಎಂದ. ಗುಟ್ಟಿಲ್ಲದ ಕಸುಬು ಯಾವುದಿದೆ? ಅಕ್ಕ ತಲೆಯಾಡಿಸಿದಳು.

ಅದೇ ವಾರ ಗಂಡನ ಮುಷ್ಟಿ ಬಿಚ್ಚಿತು. ಬೆಳಗ್ಗೆ ಅಕ್ಕ ಎದ್ದು ಬರುವಷ್ಟರಲ್ಲಿ ಅವನು ಕಿಟಕಿಯ ಬಳಿ ಕೂತು ಬೆತ್ತ ಸೀಳುತ್ತಿದ್ದ. ಸೀಳಿದ ಎಳೆ ಕೂದಲಿನಂತೆ ಸಮನಾಗಿತ್ತು. ಅವಳು ಬಾಗಿಲಲ್ಲೇ ನಿಂತು ನೋಡಿದಳು. ಕೂಗಾಡುವ ಹೆಂಗಸು ಅವತ್ತು ಬಾಯಿಗೆ ಸೆರಗು ತುರುಕಿಕೊಂಡಳು. ಕಥೆ ಅಲ್ಲಿಗೇ ನಿಂತಿದ್ದರೆ ಎಲ್ಲರಿಗೂ ಚೆನ್ನಾಗಿತ್ತು. ನಿಲ್ಲುವ ಬುದ್ಧಿ ಕಥೆಗೆಲ್ಲಿದೆ!

ಗಂಡನ ಕೆನ್ನೆಗಳು ತುಂಬಿಕೊಂಡವು. ಮುಖ ಗುಂಡಗೆ, ಕೆಂಪಗೆ, ಹುಣ್ಣಿಮೆ ಚಂದ್ರನಂತಾಯಿತು. ಬೀದಿಯವರೆಲ್ಲ ಹೊಗಳಿದರು. ‘ಭಾವನಿಗೆ ಮದುಮಗನ ಕಳೆ ಬಂದಿದೆ, ಹುಷಾರು ಅಕ್ಕ’ ಎಂದು ತಮ್ಮ ಹಾಸ್ಯ ಮಾಡಿದ. ಊಟ ಮುಗಿಸಿ ಕೈ ತೊಳೆದವನು ಮತ್ತೆ ಹಸಿವು ಎನ್ನುವನು. ನಿದ್ದೆ ಹತ್ತಿರ ಸುಳಿಯದು. ಅವನಿಗೆ ಅದೂ ಲಾಭವೆಂದೇ ಕಂಡಿತು: ನೇಯಲು ಹೊತ್ತು ಜಾಸ್ತಿ ಸಿಕ್ಕಿತಲ್ಲ! ಹರಿದ ಕುರ್ಚಿಗಳ ರಾಶಿ ಕರಗಿ, ನೇಯ್ದ ಕುರ್ಚಿಗಳ ಸಾಲು ಗೋಡೆಯುದ್ದಕ್ಕೂ ಬೆಳೆಯಿತು. ಮುಂದಿನ ಬೀರುಗಳು ಮಾತ್ರ ಒಂದೊಂದಾಗಿ ಕಡಿಮೆಯಾದವು. ಅಕ್ಕ ಅವನ್ನು ಸಿಕ್ಕಿದ ಬೆಲೆಗೆ ಬಿಡುತ್ತಿದ್ದಳು. ಚೌಕಾಸಿ ಅಕ್ಕ ಮೊದಲ ಮಾತಿಗೇ ಒಪ್ಪುತ್ತಾಳೆಂಬ ಸುದ್ದಿ ಬೀದಿಯಲ್ಲಿ ಹಬ್ಬಿತು. ಯಾರೂ ನಗಲಿಲ್ಲ, ಅದು ಕೆಟ್ಟ ಶಕುನದ ಹಾಗೆ ಕೇಳಿಸಿತು.

ಇನ್ನೂ ಕೆಲವನ್ನು ಅಕ್ಕ ನೋಡಿಯೂ ನೋಡದ ಹಾಗಿದ್ದಳು. ಬೆತ್ತದ ಮೊನೆ ಗೀಚಿದರೆ ಗಂಡನ ಮುಂಗೈಯಲ್ಲಿ ನೇರಳೆ ಕಲೆ ಏಳುತ್ತಿತ್ತು, ವಾರವಾದರೂ ಮಾಯುತ್ತಿರಲಿಲ್ಲ. ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ಕತ್ತಿನ ಹಿಂದೆ ಒಂದು ಉಬ್ಬು ಬೆಳೆಯುತ್ತಿತ್ತು.

ನಾದಿನಿ ಒಂದು ಭಾನುವಾರ ಬಂದಳು. ಅಣ್ಣನ ಮುಖ ನೋಡಿದವಳೇ ಕೈಚೀಲವನ್ನು ನೆಲಕ್ಕಿಟ್ಟು, ಅವನ ಕಣಕಾಲಿಗೆ ಹೆಬ್ಬೆರಳೊತ್ತಿದಳು. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು.

‘ಅತ್ತಿಗೆ, ಇದು ಮೈ ಬಂದಿರೋದಲ್ಲ.’

‘ಬಂತಪ್ಪ ಕಣ್ಣು! ಎರಡು ತುತ್ತು ಜಾಸ್ತಿ ಉಂಡ್ರೆ ನಿಮ್ಮ ಆಸ್ಪತ್ರೆಯವರಿಗೆ ಸಂಕಟ.’

‘ನಾನು ದುಡ್ಡು ತಗೊಳ್ಳೋರೆಲ್ಲ ಕಳ್ಳರು ಅಂತಿಲ್ಲ. ನನ್ನ ಮಗಳ ಹೆರಿಗೆ ಖಾಸಗಿ ಆಸ್ಪತ್ರೆಲೇ ಆಯ್ತು, ಚೆನ್ನಾಗೇ ನೋಡ್ಕೊಂಡ್ರು. ಅಲ್ಲಿ ಏನು ಕೊಟ್ರೂ ಚೀಟಿ ಮೇಲೆ ಹೆಸರು ಬರೀತಾರೆ. ಇವನು ಬರೀತಾನಾ? ಯಾವ ಮರ ಅಂತ ಕೇಳ್ದೆ ನೀವು ಮಂಚ ತರ್ತೀರಾ?’

‘ಅವನು ಬೆಲೆ ಇಳಿಸ್ಲಿಲ್ಲ ಕಣೇ. ನಾನು ಮೂಲೆವರೆಗೂ ನಡೆದ್ರೂ ಕರೀಲಿಲ್ಲ. ಇಷ್ಟು ವರ್ಷದಲ್ಲಿ ನನ್ನ ಪರೀಕ್ಷೆ ಒಂದು ಸಲವೂ ಸೋತಿಲ್ಲ.’

ಇಬ್ಬರೂ ಒಟ್ಟಿಗೆ ಅವನ ಕಡೆ ತಿರುಗಿದರು. ಅವನು ಬೆತ್ತದಿಂದ ಕಣ್ಣು ತೆಗೆಯದೆ, ‘ಕೈ ಆಡ್ತಾ ಇದೆ’ ಎಂದ. ಅಷ್ಟೇ. ನಾದಿನಿ ಕೈಚೀಲ ಎತ್ತಿಕೊಂಡಳು. ಹೋಗುವಾಗ ಹೊಸ್ತಿಲ ಮೇಲೆ ನಿಂತು, ‘ಸಲ ಸಲಕ್ಕೂ ಪೊಟ್ಟಣ ದಪ್ಪ ಆಗ್ತಿದ್ಯಾ, ಅದನ್ನಾದ್ರೂ ನೋಡ್ಕೊಳ್ಳಿ’ ಎಂದಳು. ಪೊಟ್ಟಣ ದಪ್ಪವಾಗುತ್ತಿತ್ತು. ಅಕ್ಕ ಅದನ್ನು ಹೇಳಲಿಲ್ಲ.

ಮುಂದಿನ ಸಲ ಅಕ್ಕ ಒಬ್ಬಳೇ ಪುಡಿ ತರಲು ಹೋದಳು. ವೈದ್ಯ ಒಳಗೆ ಬೇರೆಯವರನ್ನು ನೋಡುತ್ತಿದ್ದ. ಬೀದಿಗೆ ಮುಖ ಮಾಡಿದ ಕಿಟಕಿಯ ಬಳಿ ಕೂತಳು. ಒಳಕೋಣೆಯಿಂದ ಒಬ್ಬಾಕೆ ಗಂಡನ ತೋಳು ಹಿಡಿದು, ಕಾಲೆಳೆಯುತ್ತ ಹೊರಬಂದಳು. ಬೆಲೆ ಕೇಳಿ ಬೆಚ್ಚಿದ ಮುಖ. ಗಾಜಿನ ಬಾಗಿಲು ದಾಟಿ ಹೋದರು. ಅಕ್ಕನಿಗೆ ಅಯ್ಯೋ ಎನ್ನಿಸಿತು. ಮೇಜಿನ ಹಿಂದಿನ ಹುಡುಗಿಗೆ, ‘ಒಂದು ಮಾತು ಕರೀಬಾರದಾ, ಪಾಪ’ ಎಂದಳು.

ಹುಡುಗಿ ಮೊಬೈಲಿನಿಂದ ತಲೆಯೆತ್ತಲಿಲ್ಲ. ‘ಬಿಡಿ ಆಂಟಿ. ಕೆಳಗೆ ತಾತ ಇದ್ದಾರಲ್ಲ.’

ಅಕ್ಕ ಕಿಟಕಿಯಿಂದ ಕೆಳಗೆ ನೋಡಿದಳು. ಗಂಡಹೆಂಡಿರು ಮೂಲೆ ಮುಟ್ಟಿದರು. ಟೀ ಅಂಗಡಿಯ ಬೆಂಚಿನ ಮೇಲೆ ಕೋಲಿನ ಮುದುಕ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟ. ಗಾಜಿನ ಈಚೆಗೆ ಮಾತು ಕೇಳಿಸದು. ಆದರೆ ಅವಳು ಎಲ್ಲವನ್ನೂ ಕಂಡಳು: ಖಾಲಿ ಬೆರಳು ಬಾಯಿಯ ಹತ್ತಿರ ಬಂದು ನಡುಗಿತು. ಎರಡು ಕೈ ಮುಂದೆ ಚಾಚಿದವು. ಎಡಗಣ್ಣು ಒರೆಸಿಯಾಯಿತು. ಕೋಲು ಗಿರ್ರನೆ ತಿರುಗಿತು.

ಮೂರು ದಿನದಿಂದ ಊಟ ಬಿಟ್ಟ, ಹುಟ್ಟೇ ಇಲ್ಲದ ಹೆಂಡತಿಯ ನೆನಪಾಯಿತು ಅವಳಿಗೆ. ಬೀರುವಿನ ಬಾಗಿಲು ಸವರುವ ತಮ್ಮನ ಕೈ, ಅಳತೆ ಮಾಡಿ ಬಿಡುವ ನಿಟ್ಟುಸಿರು. ಅವಳ ಹೊಸ್ತಿಲನ್ನು ಇವರು ಬೀದಿಯ ಮೂಲೆಗೆ ತಂದು ಇಟ್ಟಿದ್ದರು. ಕರೆಯದೆಯೇ ಕರೆದಿದ್ದರು.

ಗಂಡಹೆಂಡಿರು ಮಹಡಿ ಹತ್ತಿ ವಾಪಸಾಗುವ ಹೊತ್ತಿಗೆ ಅಕ್ಕ ಮೆಟ್ಟಿಲಿಳಿಯುತ್ತಿದ್ದಳು. ಆ ಹೆಂಗಸಿಗೆ ಏನಾದರೂ ಹೇಳಬೇಕೆಂದು ಬಾಯಿ ತೆರೆದಳು. ‘ಜಾಗ ಇದ್ಯಂತಾ?’ ಎಂದು ಆ ಹೆಂಗಸೇ ಮೊದಲು ಕೇಳಿದಳು. ಅವಳ ಕಣ್ಣಿನ ಆಸೆ ಕಂಡು ಅಕ್ಕನ ನಾಲಿಗೆ ಹೊರಳಲಿಲ್ಲ. ಬೆಲೆ ಮಾತಾಡಿ ಬದುಕಿದ ಆ ನಾಲಿಗೆ ಬೇಕಾದ ಹೊತ್ತಿಗೆ ಕೈಕೊಟ್ಟಿತು.

ಮನೆಗೆ ಬಂದವಳೇ ಕಪಾಟು ತೆರೆದು, ಉಳಿದ ಪೊಟ್ಟಣಗಳನ್ನೆಲ್ಲ ತಂದು, ಹಿಂಬಾಗಿಲ ಚರಂಡಿಗೆ ಒಂದೊಂದಾಗಿ ಸುರಿದಳು. ಸೊಟ್ಟ ಮೊಳೆಯನ್ನೂ ಎಸೆಯದ ಹೆಂಗಸು ಅವಳು. ಗಂಡ ಕೈಯಲ್ಲಿ ಬೆತ್ತ ಹಿಡಿದು ನಿಂತಿದ್ದ.

‘ಏನು ಮಾಡ್ತಿದ್ದೀಯೇ?’

‘ಮೋಸ ರೀ. ನನ್ನ ಆಟಾನೇ ನನ್ನ ಮೇಲೆ ಆಡಿದ್ದಾರೆ.’

ಬಿಳಿ ನೀರು ಹರಿದುಹೋಗುವುದನ್ನು ಅವನು ಕೊನೆಯ ತನಕ ನೋಡಿದ. ಅವತ್ತು ಅವಳು ಒಂದು ತಪ್ಪನ್ನು ತಿದ್ದುವ ಆತುರದಲ್ಲಿ ಇನ್ನೊಂದನ್ನು ಮಾಡಿದ್ದಳು. ಅದು ಅವಳಿಗೆ ತಿಳಿಯುವ ಹಾಗೂ ಇರಲಿಲ್ಲ. ಕೆಟ್ಟ ಮಾಲು ಅಂದ ಮೇಲೆ ಹೊರಗೆಸೆಯಬೇಕು. ಹಳೆಸಾಮಾನಿನವರಿಗೆ ಗೊತ್ತಿದ್ದ ನ್ಯಾಯ ಅದೊಂದೇ.

ಒಂದೆರಡು ದಿನ ಕಳೆಯಿತು. ಗಂಡ ಮಂಕಾದ. ಊಟ ಒಳಗಿಳಿಯಲಿಲ್ಲ, ಇಳಿದದ್ದು ನಿಲ್ಲಲಿಲ್ಲ. ಬೆಳಗ್ಗೆ ಮಣೆಯಿಂದ ಏಳಲು ಹೋದವನು ಕುರ್ಚಿಗಳ ಸಾಲಿಗೆ ಒರಗಿ ಹಾಗೇ ಕುಸಿದ. ಮೈ ತಣ್ಣಗೆ ಬೆವೆತು, ಕೂಗಿದರೆ ಕಣ್ಣು ಮಾತ್ರ ಅರ್ಧ ತೆರೆಯಿತು. ಬೀರು ಸಾಗಿಸುವ ತಳ್ಳುಗಾಡಿಯನ್ನು ತಮ್ಮ ತಂದ. ಮುಖ್ಯರಸ್ತೆಯಲ್ಲಿ ಆಟೋ ಸಿಗುವ ತನಕ ಅಕ್ಕ ಅವನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಬೀದಿಯಲ್ಲಿ ಹೋಗುವುದನ್ನು ಎಲ್ಲರೂ ಅಂಗಡಿಗಳಿಂದ ಇಳಿದು ನೋಡಿದರು. ಮದುಮಗನ ಕಳೆ ಎಂದವನೇ ಗಾಡಿ ತಳ್ಳುತ್ತಿದ್ದ.

ಅವನು ಬದುಕಿದ. ಡಾಕ್ಟರಮ್ಮ ಹೊರಗೆ ಬಂದು, ನಾದಿನಿಯನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಹೇಳಿದರು: ‘ಆ ಪುಡಿಲಿ ಸ್ಟೀರಾಯ್ಡ್ ಇತ್ತು ಅಂತ ಕಾಣುತ್ತೆ, ಅದೂ ಸಿಕ್ಕಾಪಟ್ಟೆ. ಅದು ವಿಷ ಅಂತಲ್ಲ, ನಾವೂ ಕೊಡ್ತೀವಿ, ಅಳತೆ ನೋಡಿ ಕೊಡ್ತೀವಿ. ಮೈಯೊಳಗೆ ಅಂಥದ್ದೇ ಒಂದು ತಾನಾಗೇ ತಯಾರಾಗ್ತಿರುತ್ತೆ. ತಿಂಗಳುಗಟ್ಟಲೆ ಹೊರಗಿಂದ ಬಂದ್ರೆ ಮೈ ತನ್ನ ಕೆಲಸ ಮರೆತುಬಿಡುತ್ತೆ. ಥಟ್ಟಂತ ನಿಲ್ಲಿಸಿದ್ರೆ ಹೀಗಾಗುತ್ತೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕಿತ್ತು.’

‘ನಾನೇ ಚರಂಡಿಗೆ ಸುರಿದೆ’ ಎಂದಳು ಅಕ್ಕ.

‘ಒಂದು ಪೊಟ್ಟಣವೂ ಉಳಿದಿಲ್ವಾ? ಪರೀಕ್ಷೆಗೆ ಕಳಿಸಬಹುದಿತ್ತು. ದೂರು ಕೊಡೋಕೂ ಕೈಯಲ್ಲೊಂದು ಸಾಕ್ಷಿ ಇರ್ತಿತ್ತು.’

ಅಕ್ಕ ತಲೆಯಲ್ಲಾಡಿಸಿದಳು. ಡಾಕ್ಟರಮ್ಮ ದನಿ ತಗ್ಗಿಸಿದರು. ‘ಈಗ ನಾವು ಲೆಕ್ಕದಲ್ಲಿ ಕೊಟ್ಟು ಇಳಿಸ್ತೀವಿ, ತಿಂಗಳುಗಳೇ ಬೇಕು. ಹಳೆ ಮಾತ್ರೆ ಮತ್ತೆ ಮೊದಲಿಂದ. ಮಧ್ಯೆ ಕೈನೋವು ಜೋರಾಗಿ ವಾಪಸ್ ಬರುತ್ತೆ. ಅವರು ಆ ಪುಡಿ ಎಲ್ಲಿಂದಾದ್ರೂ ತರಿಸ್ಕೊಳ್ಳೋಕೆ ನೋಡ್ತಾರೆ, ಎಲ್ಲರೂ ನೋಡ್ತಾರೆ. ಮೂಳೆ ಸವೆದಿದೆ, ಸಕ್ಕರೆ ಏರಿದೆ. ಇನ್ನೊಂದು ಸಲ ಹೀಗೆ ಹತ್ತಿ ಬಿದ್ರೆ ನನ್ನ ಕೈಲೂ ಏನೂ ಆಗಲ್ಲ. ನೆನಪಿರಲಿ.’

ಮನೆಗೆ ಬಂದ ಮೇಲೆ ಚಂದ್ರ ಕರಗಿದ. ಕೆನ್ನೆ ಇಳಿಯಿತು, ಅದರ ಹಿಂದೆಯೇ ನೋವು ಬಂತು, ಬಿಟ್ಟುಹೋದದ್ದಕ್ಕೆ ಬಡ್ಡಿ ಸೇರಿಸಿಕೊಂಡು. ಬೆರಳುಗಳು ಒಣಗಿದ ಎಲೆಯಂತೆ ಒಳಕ್ಕೆ ಮಡಚಿಕೊಂಡವು. ಅಕ್ಕ ತಿನ್ನಿಸುವಳು, ಗುಂಡಿ ಹಾಕುವಳು. ಅವನು ಕಿಟಕಿಯ ಬಳಿ ತಾನು ನೇಯ್ದ ಒಂದು ಕುರ್ಚಿಯಲ್ಲಿ ದಿನವಿಡೀ ಕೂತಿರುವನು. ಯಾವಾಗಲೂ ಅದೇ ಕುರ್ಚಿ. ಒಬ್ಬ ಗಿರಾಕಿ ಅದನ್ನು ಕೇಳಿದ್ದಕ್ಕೆ, ‘ಇದು ಮಾರೋಕಿಲ್ಲ’ ಎಂದ. ಇಷ್ಟು ವರ್ಷದಲ್ಲಿ ಅವನು ವ್ಯಾಪಾರದಲ್ಲಿ ಬಾಯಿ ಹಾಕಿದ್ದು ಅದೇ ಮೊದಲು.

ಬೇರೆಯವರಾದರೆ ಮುದುಕನ ಹಟ ಎಂದು ಬಿಡುತ್ತಿದ್ದರು. ಮಾರೋಕಿಲ್ಲ ಎಂದವನ ಮಾಲಿನ ಮೇಲೆ ಅಕ್ಕನಿಗೆ ಕಣ್ಣು ಬೀಳದೆ ಇರುತ್ತದೆಯೇ? ಮೇಜು ಒರೆಸುವ ನೆಪದಲ್ಲಿ ನೋಡುತ್ತಿದ್ದಳು. ಒಂದು ಮಧ್ಯಾಹ್ನ ಕಂಡಿತು. ಅವನ ಬಲಗೈ ಕುರ್ಚಿಯ ಅಡಿಗೆ ಇಳಿದಿತ್ತು. ಮಡಚಿದ ತೋರುಬೆರಳು ಕೆಳಪದರದ ಬೆತ್ತವನ್ನು ಕೊಕ್ಕಿನಂತೆ ಕೆದಕುತ್ತಿತ್ತು. ಹಣೆಯಲ್ಲಿ ಬೆವರು.

ಅಕ್ಕ ಒರೆಸುವ ಬಟ್ಟೆ ಕೆಳಗಿಟ್ಟಳು. ‘ಎಷ್ಟಕ್ಕೆ ಕೊಡ್ತೀರಿ ಆ ಕುರ್ಚಿ?’

ಅವನ ಬೆರಳು ನಿಂತಿತು. ‘ಗೊತ್ತಾಯ್ತಾ?’

‘ಯಾವಾಗ ಇಟ್ರಿ?’

‘ನೀನು ಬೀರು ಮೇಲೆ ಬೀರು ಮಾರ್ತಿದ್ದೆ. ಒಂದಿನ ಅಂಗಡಿ ಖಾಲಿ ಆಗುತ್ತೆ, ಪುಡಿ ನಿಲ್ಲುತ್ತೆ ಅನ್ನೋದು ನನಗೆ ಗೊತ್ತಿತ್ತು. ಅದಕ್ಕೇ ತೆಗೆದಿಟ್ಟೆ.’

‘ಮತ್ತೆ ಅವತ್ತು ಕುಸಿದು ಬಿದ್ರಲ್ಲ, ಆಗ?’

‘ಬೆರಳು ಒಳಗೆ ಹೋಗ್ಲಿಲ್ಲ.’ ಅವನು ನಕ್ಕ. ‘ಅಷ್ಟು ಬಿಗಿಯಾಗಿ ನೇಯ್ದಿದ್ದೆ ಕಣೇ.’

ಅಕ್ಕ ಮಣೆ ಎಳೆದುಕೊಂಡು ಎದುರು ಕೂತಳು. ‘ಕೊಟ್ಬಿಡಿ. ಡಾಕ್ಟರಮ್ಮನಿಗೆ ಕೊಡ್ತೀನಿ, ಅವರು ಕೇಳಿದ್ರು. ನೀವು ಅದನ್ನ ಮುಟ್ಟಿದ್ರೆ ಏನಾಗುತ್ತೆ ಅಂತ ಗೊತ್ತಲ್ಲ?’

‘ಗೊತ್ತು. ಒಂದು ಕುರ್ಚಿ ಕಣೇ. ಒಂದೇ ಒಂದು ಕುರ್ಚಿ ನೇಯ್ತೀನಿ. ಆಮೇಲೆ ನೀನು ಹೇಳಿದ್ದೇ ಸರಿ.’

‘ಇಲ್ಲ.’

‘ಹೋಗ್ಲಿ, ಅರ್ಧ ಕುರ್ಚಿ.’

‘ಇಲ್ಲ ರೀ.’

‘ಒಂದು ಗಂಟು. ಬರೀ ಒಂದು ಗಂಟು ಹಾಕಿ, ಅದು ನಿಲ್ಲುತ್ತಾ ನೋಡ್ತೀನಿ.’

ಅವಳ ಜನ್ಮದಲ್ಲಿ ಯಾರೂ ಅಷ್ಟು ಕೆಳಗೆ ಇಳಿದಿರಲಿಲ್ಲ. ಅಕ್ಕನಿಗೆ ಅಲ್ಲಿ ಕೂರಲಾಗಲಿಲ್ಲ. ಸೆರಗು ಕೊಡವಿದಳು, ಅಭ್ಯಾಸ. ಬೀರುಗಳಿದ್ದ ಖಾಲಿ ಜಾಗ ದಾಟಿ ಹೊಸ್ತಿಲ ತನಕ ನಡೆದು, ಬೀದಿಗೆ ಮುಖ ಮಾಡಿ ನಿಂತಳು. ‘ಬಾರೇ, ತಗೊಂಡ್ಹೋಗು’ ಎಂದು ಕರೆಯಲಿ. ಒಂದು ಸಲ ಕರೆಯಲಿ. ಎದುರು ಅಂಗಡಿಯವನು ತಲೆಯಾಡಿಸಿದ. ಸೈಕಲ್ಲೊಂದು ಗಂಟೆ ಬಾರಿಸಿ ಹೋಯಿತು. ಹಿಂದಿನಿಂದ ಬೆತ್ತ ಕಿರ್ರೆನ್ನುವ ಸದ್ದು ಬಂತು, ಆಮೇಲೆ ಕಾಗದದ ಸರಸರ, ಆಮೇಲೆ ಏನೂ ಇಲ್ಲ. ಅವನು ಕರೆಯಲಿಲ್ಲ.

ಅಕ್ಕ ತಿರುಗಿ ಓಡಿದಳು.

ಪೊಟ್ಟಣ ಅವನ ತೊಡೆಯ ಮೇಲಿತ್ತು. ಅದರ ಬಾಯಿಗೆ ಸುತ್ತಿದ ದಾರವನ್ನು ಹಲ್ಲಿಗೆ ಸಿಕ್ಕಿಸಲು ನೋಡಿ ಸೋತಿದ್ದ, ದಾರ ಒದ್ದೆಯಾಗಿತ್ತು. ಕೈಗಳು ಎರಡು ಕಟ್ಟಿಗೆಗಳ ಹಾಗೆ ಅದರ ಅಕ್ಕಪಕ್ಕ ಬಿದ್ದಿದ್ದವು. ಅವನು ಅವಳ ಮುಖ ನೋಡಿದ.

‘ಬಿಚ್ಚಿಕೊಡೇ’ ಎಂದ.

ಅವಳು ಅದನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವನು ತಡೆಯಲಿಲ್ಲ.

‘ಇದೊಂದೇನಾ?’ ಎಂದಳು ಅಕ್ಕ.

‘ಇದೊಂದೇ.’

ತಡವರಿಸಲಿಲ್ಲ, ಹೆಚ್ಚುಕಡಿಮೆ ಮಾಡಲಿಲ್ಲ, ಒಂದೇ ಮಾತು. ಮೊದಲಾಗಿದ್ದರೆ ಅಕ್ಕ ಅಲ್ಲಿಗೆ ನಂಬಿ ಏಳುತ್ತಿದ್ದಳು. ಈಗ ಅವಳ ಬಳಿ ಯಾವ ಪರೀಕ್ಷೆಯೂ ಉಳಿದಿರಲಿಲ್ಲ. ಮೂವತ್ತು ವರ್ಷ ಜೊತೆಗೆ ಬಾಳಿದ ಮುಖವನ್ನು ನೋಡಿದಳು, ಏನೂ ತಿಳಿಯಲಿಲ್ಲ. ಅವನ ಹಿಂದೆ ಗೋಡೆಯುದ್ದಕ್ಕೂ ಆ ಒಳ್ಳೆಯ ತಿಂಗಳುಗಳಲ್ಲಿ ನೇಯ್ದ ಕುರ್ಚಿಗಳು ಸಾಲಾಗಿ ನಿಂತಿದ್ದವು, ಹೊಟ್ಟೆ ತುಂಬಿಕೊಂಡು, ಬಾಯಿ ಮುಚ್ಚಿಕೊಂಡು.

ಮೊದಲನೆಯದನ್ನು ಮಗುಚಿ ಹೊಟ್ಟೆ ಒತ್ತಿದಳು. ಒಳಗೆ ಕಾಗದ ಸರಸರ ಎಂದಿತು. ಎರಡನೆಯದನ್ನು ಒತ್ತಿದಳು. ಅದೂ ಹಾಗೇ ಎಂದಿತು. ಎಲ್ಲವೂ ಹಾಗೇ ಎನ್ನುತ್ತವೆ.

ಕಿಟಕಿಯ ಮೇಲಿದ್ದ ಬೆತ್ತ ಸೀಳುವ ಚೂರಿ ತೆಗೆದುಕೊಂಡು ಅವಳು ನೆಲಕ್ಕೆ ಕೂತಳು. ಇವು ಹೋದರೆ ಇಂಥ ನೇಯ್ಗೆ ಈ ಮನೆಯಲ್ಲಿ ಮತ್ತೆ ಬೀಳುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಚೂರಿಯ ಮೊನೆ ಮೊದಲ ಎಳೆಗೆ ತಾಗಿತು.

‘ನಿಧಾನಕ್ಕೆ ಕೊಯ್ಯಿ’ ಎಂದ ಗಂಡ, ಕಿಟಕಿಯ ಕಡೆಗೆ ಮುಖ ತಿರುಗಿಸಿಕೊಂಡು. ‘ಅದು ಒಳ್ಳೆ ಕೆಲಸ.’